ಬೆರಳಿಗೆ ಬೆರಳು ಹತ್ತಿದ ಜಾಗ

ಎಡಗೈ ಹೆಬ್ಬಟ್ಟಿಗೆ ತೋರುಬೆರಳು ಹತ್ತಿದ್ದು ನನಗ ಗೊತ್ತಾಗದೆ ಹೋದ ದಿನ ನಮ್ಮ ಅತ್ತಿ ಓಣಿಗೆಲ್ಲ ಸಕ್ಕರಿ ಹಂಚಿದಳು. ಸಕ್ಕರಿ ಕಣ್ಣಿಗೆ ಬೀಳೋದೇ ಅಪರೂಪ ಇದ್ದ ಕಾಲ ಅದು. ಹಬ್ಬಕ್ಕ ಅಂತ ಮುಚ್ಚಿಟ್ಟ ಡಬ್ಬಿ ಬೋರಲು ಹಾಕಿ, ಮನಿ ಮನಿಗೆ ಚಿಟಿಕಿ ಚಿಟಿಕಿ ಇಟ್ಟು ಬಂದಳು. "ನಮ್ಮ ಸಂಗವ್ವಗ ದೇಹದ ಹಂಗು ಹರೀತು ನೋಡ್ರೆ! ಶರಣಿ ಆಗಾಕತ್ತಾಳ ನನ್ನ ಸೊಸಿ!" ಅಂತ ಆಕಿ ಬೀದಿಯಾಗ ಹೇಳಿಕೋತ ಹೊಂಟದ್ದು ನನಗ ಒಳಗಿನ ತನಕ ಕೇಳಸ್ತಿತ್ತು.

ಅದು ಶರಣಿ ಆಗೋದಲ್ಲ, ರೋಗ ಅಂತ ಗೊತ್ತಾಗಬೇಕಾದ್ರ ಮತ್ತೊಂದು ಸುಗ್ಗಿ ಹೋಯ್ತು. ಆ ರೋಗದ ಹೆಸರು ನಮ್ಮ ಕಡಿ ಯಾರೂ ಬಾಯಿ ಬಿಟ್ಟು ಅನ್ನಂಗಿಲ್ಲ. ದೊಡ್ಡ ಬ್ಯಾನಿ ಅಂತಾರ. ನಾ ಅಂತೀನಿ, ಕುಷ್ಠ. ಅಂದ್ರ ನಾಲಿಗಿ ಏನು ಉದುರಂಗಿಲ್ಲ, ನೋಡ್ರಿ, ನಂದಿನ್ನೂ ಬಾಯಾಗೇ ಅದ. ಬಾಯಾಗ ಅಷ್ಟೇ ಅಲ್ಲ, ಊರ ತುಂಬ ಅದ ಅಂತ ನಮ್ಮ ಅತ್ತಿ ಅಂತಿದ್ದಳು.

ಈಗ ಸೆರಗಿನಾಗ ಕೈ ಮುಚ್ಚಿಕೊಂಡು ನನ್ನ ಮನಿ ಹುಡುಕಿಕೊಂಡು ಬರೋ ಹೆಣ್ಣುಮಕ್ಕಳು ಅದಾರ. ಹೊಸ್ತಿಲದಾಗ ನಿಂತು ಮೊದಲು ಬ್ಯಾರೆ ಏನೇನೋ ಮಾತಾಡ್ತಾರ, ಮಳಿ, ಜ್ವಾಳ, ಬೀಗರ ಸುದ್ದಿ. ಆಮ್ಯಾಲ ಸೆರಗು ಸರಸ್ತಾರ. ಅವರಿಗೆ ಹೇಳಿದ್ದನ್ನೇ ಇಲ್ಲಿ ಹೇಳ್ತೀನಿ. ಔಷಧದ ಮಾತು ಡಾಕ್ಟರಿಗೆ ಕೇಳ್ರಿ. ಅಂಜಿಕಿ ಮಾತು ಅಷ್ಟು ನನಗ ಗೊತ್ತದ.

ನಾ ಕಮಲಾಪುರದ ಸೊಸಿ. ನಮ್ಮವರಿಗೆ ಊರ ಹೊರಗ ಕೆಂಪು ಬಾಳಿ ತೋಟ ಇತ್ತು. ಮಗಳು ಮಲ್ಲವ್ವ ಆವಾಗಷ್ಟೇ ಗ್ವಾಡಿ ಹಿಡಕೊಂಡು ಹೆಜ್ಜಿ ಇಡಾಕತ್ತಿದ್ದಳು. ನಿಜಾಮರ ರಾಜ್ಯದ ಕಡೀ ದಿನಗಳು. ರಜಾಕಾರರು ಬಂದ್ರು ಅಂತ ಯಾರರ ಒಬ್ಬರು ಕೂಗಿದ್ರ ಸಾಕು, ಗಂಡಸರು ತೋಟ ಹಿಡೀತಿದ್ರು, ನಾವು ಹೆಂಗಸರು ಅಗಳಿ ಹಾಕಿಕೊಂಡು ಉಸುರು ಬಿಗಿಹಿಡಿದು ಕೂಡತಿದ್ವಿ. ಎಷ್ಟೋ ಸಲ ಯಾರೂ ಬರ್ತಿದ್ದಿಲ್ಲ. ಆದ್ರ ಬಂದವರು ಹೋಗಬಹುದು, ಬರದವರು ಹೋಗಂಗಿಲ್ಲ ನೋಡ್ರಿ, ಆ ಅಂಜಿಕಿ ಎದಿಯಾಗೇ ಕೂತುಬಿಡ್ತು. ತಂಬಿಗಿ ಬಿದ್ದ ಸಪ್ಪಳಕ್ಕೂ ನನ್ನ ಎದಿ ಡವಡವ ಅಂತಿತ್ತು. ನಿದ್ದಿ ಹೋಯ್ತು. ಕೂಸಿಗೆ ಹಾಲು ಸಾಲದಾದವು.

ಅತ್ತಿ ನನ್ನನ್ನ ಓಣಿ ಮಠದ ಅಜ್ಜಾವರ ಕಡಿ ಕರಕೊಂಡು ಹೋದಳು. ಭಾಳ ವಯಸ್ಸಾದವರು, ಮಾತು ಕಡಿಮಿ. ನನ್ನ ಮುಖ ನೋಡಿ, "ತಾಯತ ಕೊಡಂಗಿಲ್ಲ ತಂಗಿ, ಕೈ ಹ್ಯಾಂಗ ಇಡಬೇಕು ತೋರಸ್ತೀನಿ" ಅಂದ್ರು. ಹೆಬ್ಬಟ್ಟಿನ ತುದಿಗೆ ತೋರುಬೆರಳಿನ ತುದಿ ಹಚ್ಚಿದ್ರು, ಉಳಿದ ಮೂರು ಬೆರಳು ನೆಟ್ಟಗ ಬಿಟ್ಟು ಮೊಣಕಾಲ ಮ್ಯಾಲ ಇಟ್ರು. "ಇದು ಚಿನ್ಮುದ್ರಿ. ಕಣ್ಣು ಮುಚ್ಚು. ದೇವರನ್ನೂ ನೆನಸಬ್ಯಾಡ. ಬೆರಳಿಗೆ ಬೆರಳು ಹತ್ತಿದ ಜಾಗ ಅದ ನೋಡು, ಮನಸ್ಸು ಅಲ್ಲೇ ಹೋಗಿ ಕೂಡಲಿ."

ದೇವರನ್ನ ನೆನಸಬ್ಯಾಡ ಅಂದದ್ದು ಅತ್ತಿಗೆ ಸೇರಲಿಲ್ಲ. ನನಗ ಸೇರಿತು. ಇಷ್ಟೇ ಇಷ್ಟು ಜಾಗ, ಜ್ವಾಳದ ಕಾಳಿನಷ್ಟು. ಅಷ್ಟರಾಗ ಅಂಜಿಕಿ ಹಿಡಸಂಗಿಲ್ಲ. ಅಗಳಿ ಹಾಕಿದ ಮನ್ಯಾಗ, ತೊಡಿ ಮ್ಯಾಲ ಮಲ್ಲವ್ವನ್ನ ಮಲಗಿಸಿಕೊಂಡು, ನಾ ಆ ಕಾಳಿನೊಳಗ ಹೋಗಿ ಕೂಡತಿದ್ದೆ. ಎದಿ ಸಾವಕಾಶ ಇಳೀತಿತ್ತು. ಆಮ್ಯಾಲ ಅಜ್ಜಾವರು ಮತ್ತೂ ಕೆಲವು ಕಲಿಸಿದ್ರು. ಎರಡೂ ಅಂಗೈ ತೊಡಿ ಮ್ಯಾಲ ಒಂದರ ಮ್ಯಾಲೊಂದು ಇಡೋದು ಧ್ಯಾನಮುದ್ರಿ. ಅಂಗೈ ಎದುರಿನವರಿಗೆ ತೋರಿಸಿ ಎತ್ತೋದು ಅಭಯ ಮುದ್ರಿ. ಮಲ್ಲವ್ವ ನನ್ನ ಬೆರಳು ಹಿಡಿದು ಎಳೀತಿದ್ದಳು, ಬಿಡಿಸಿ ಮತ್ತ ಕೂಡಿಸ್ತಿದ್ದಳು, ಅದೇ ಆಕಿ ಆಟ.

ಒಂದು ಮುಂಜಾನಿ ಕಣ್ಣು ಮುಚ್ಚಿ ಕೂತೆ, ಎಡಗೈ ಜಾಗ ಸಿಗಲಿಲ್ಲ. ಬಲಗೈದು ಅದ, ಎಡಗೈದು ಇಲ್ಲ. ಬೆರಳು ಬಿಟ್ಟದೇನೋ ಅಂತ ಕಣ್ಣು ತೆರೆದು ನೋಡಿದ್ರ ಹತ್ತಿಕೊಂಡೇ ಅದ. ಒತ್ತಿದೆ, ಉಗುರು ಬೆಳ್ಳಗಾಗುವಷ್ಟು ಒತ್ತಿದೆ. ಗೊತ್ತಾಗವೊಲ್ದು. ಅವತ್ತೇ ಪೂಜಿಗೆ ಇಷ್ಟಲಿಂಗ ಎಡಗೈ ಮ್ಯಾಲ ಇಟ್ಟುಕೊಂಡೆ. ನೀರು ಹಾಕಿದ ಲಿಂಗ ಅಂದ್ರ ಅಂಗೈ ತಣ್ಣಗಾಗಬೇಕಲ್ಲ? ತಂಪೂ ಇಲ್ಲ, ತೂಕಾನೂ ಇಲ್ಲ. ನನಗ ಹೆದರಿಕಿ ಬಂತು. ಅಜ್ಜಾವರ ಕಡಿ ಓಡಿದೆ.

ಅವರು ಕಣ್ಣು ಮುಚ್ಚಿದ್ರು. "ಲಿಂಗ ಬ್ಯಾರೆ, ಅಂಗ ಬ್ಯಾರೆ ಅನ್ನೋ ಭಾವ ಅಳಿದು ಹೊಂಟದ ತಂಗಿ. ಎಲ್ಲಾರಿಗೂ ಬರೂದಿಲ್ಲ ಇದು. ಹೆದರಬ್ಯಾಡ, ಬಿಡಬ್ಯಾಡ" ಅಂದ್ರು. ಹಿಂದ ಕೂತಿದ್ದ ಅತ್ತಿ ಕೈ ಮುಗಿದವಳು ಹಂಗೇ ಎದ್ದು ಸಕ್ಕರಿ ಡಬ್ಬಿಗೆ ಹೋದಳು.

ಓಣಿ ಹೆಂಗಸರು ಬರಾಕತ್ತಿದ್ರು. ನನಗಿಂತ ಹಿರೇರು ಬಂದು ಪಾದ ಮುಟ್ತಿದ್ರು. ತಪ್ಪಿಸಿಕೊಂಡ ಎಮ್ಮಿ ಎಲ್ಲಿ ಹೋಗ್ಯದ ಅಂತ ಕೇಳಾಕ ಬಂದವರೂ ಇದ್ರು. ನಗಬ್ಯಾಡ್ರಿ. ಅಂಜಿ ಅಂಜಿ ಸಾಕಾದ ಓಣಿಗೆ ಒಬ್ಬಾಕಿ ಶರಣಿ ಸಿಕ್ಕಿದ್ರ ಯಾರು ಬಿಡ್ತಾರ?

ಆಮ್ಯಾಲ ಒಂದು ಮಧ್ಯಾಹ್ನ ರೊಟ್ಟಿ ಬಡಿಯಾಕತ್ತಿದ್ದೆ. ಹಂಚಿನ ಮ್ಯಾಲಿನ ರೊಟ್ಟಿಗೆ ನೀರು ಸವರಿ ಬಲಗೈಲೆ ತಿರುವಿ ಹಾಕಾಕತ್ತೀನಿ, ಎಡಗೈ ಒಲಿ ಕಡಿ ಊರಿಕೊಂಡೀನಿ. ಏನೋ ಕಮರು ವಾಸನಿ. ರೊಟ್ಟಿ ಹೊತ್ತಿತೇನು ಅಂತ ನೋಡಿದೆ, ರೊಟ್ಟಿ ಬೆಳ್ಳಗ ಉಬ್ಬಿತ್ತು. ಅತ್ತಿ ಬಾಗಿಲದಾಗ ನಿಂತು ಚಿಟ್ಟನ ಚೀರಿದಳು. ನನ್ನ ಎಡಗೈ ಬೆರಳು ಹಂಚಿನ ಅಂಚಿಗೆ ಹತ್ತಿ ಸುಡಾಕತ್ತಿದ್ದವು.

ಚೀರಿದಾಕಿ ಏನಂದಳು ಗೊತ್ತೇನು? "ಬೆಂಕಿನೂ ಸುಡವೊಲ್ದಲ್ಲೇ ನಿನಗ!" ಅಂದು ನನ್ನ ಮುಂದ ಅಡ್ಡಬಿದ್ದಳು, ನನ್ನ ಅತ್ತಿ, ನನ್ನ ಕಾಲಿಗೆ. ಬೆಂಕಿ ಸುಡವೊಲ್ದು ಅಂದ್ರ? ತೊಗಲು ಸುಲಿದು ಬಂದಿತ್ತು. ನೋವೊಂದೇ ಇದ್ದಿಲ್ಲ. ಇದು ದೇವರಲ್ಲ ಅಂತ ನನಗನಿಸ್ತು. ದೇವರಾದ್ರ ಬೆಂಕಿ ಸುಡಬಾರದು, ನೋವಷ್ಟೇ ಯಾಕ ತಗೊಂಡು ಹೋಗ್ತಾನ?

ನಮ್ಮವರು ಸಂಜಿಕ ತೋಟದಿಂದ ಬಂದು ಕೈ ನೋಡಿದ್ರು. ಮಾತಾಡೋ ಮನಷ್ಯಾ ಅಲ್ಲ ಅವರು. ಹುಣ್ಣು ಮಾಯವೊಲ್ದಾದಾಗ, ಮೊಣಕೈ ಹತ್ರ ಒಂದು ತೆಳ್ಳನ ಬಿಳಿ ಮಚ್ಚಿ ಕಂಡಾಗ, "ಕಲಬುರ್ಗಿಗೆ ಹೋಗೂಣು" ಅಂದ್ರು, ಅಷ್ಟೇ.

"ಶರಣಿಗೆ ಎಂಥಾ ದವಾಖಾನಿಯೋ?" ಅಂತ ಅತ್ತಿ ಬೆನ್ನು ಹತ್ತಿದಳು.

"ಶರಣಿ ಕೈ ಕೊಳೀಲಾಕತ್ತದ ಯವ್ವಾ" ಅಂದ್ರು ನಮ್ಮವರು.

ಮಲ್ಲವ್ವನ್ನ ಅತ್ತಿ ಸೊಂಟಕ್ಕ ಕೊಟ್ಟು ಬಂದೆ. ಎರಡು ದಿನದಾಗ ಬರ್ತೀನಿ ಅಂತ ಅಂದುಕೊಂಡು, ಕೂಸಿನ ಗಲ್ಲ ಹಿಂಡಿ, ತಿರುಗಿ ನೋಡದೆ ಬಸ್ಸು ಹತ್ತಿದೆ.

ದಾರ್ಯಾಗ ರಜಾಕಾರರು ಬಸ್ಸು ನಿಲ್ಲಿಸಿದ್ರು. ಗಂಡಸರನ್ನ ಕೆಳಗ ಇಳಿಸಿ ಸಾಲಾಗಿ ನಿಲ್ಲಿಸಿದ್ರು. ಒಬ್ಬ ಬಂದೂಕಿನವ ಮ್ಯಾಲ ಹತ್ತಿ ಬಂದು ನನ್ನ ಸೆರಗಿನಾಗಿನ ಗಂಟು ನೋಡಿದ. ಬಟ್ಟಿ ಸುತ್ತಿದ ಕೈ ಅದು. ಅವಗ ಬಂಗಾರ ಕಟ್ಟಿಕೊಂಡಾಳ ಅನಿಸಿರಬೇಕು. "ಹಾತ್ ಮೇ ಕ್ಯಾ ಹೈ? ಖೋಲೋ" ಅಂದ. ಕಿಟಕ್ಯಾಗಿಂದ ನಮ್ಮವರ ಮುಖ ಕಾಣಸ್ತಿತ್ತು, ಅವರ ಬೆನ್ನಿಗೆ ಮತ್ತೊಂದು ಬಂದೂಕು. ನಾ ಬಟ್ಟಿ ಬಿಚ್ಚಿದೆ. ಸುತ್ತು ಸುತ್ತು ಬಿಚ್ಚುವಾಗ ನನ್ನ ಬಲಗೈ ನಡಗ್ತಿತ್ತು, ಎಡಗೈ ಮಾತ್ರ ಕಲ್ಲು. ಕಡೀ ಸುತ್ತು ಹುಣ್ಣಿಗೆ ಅಂಟಿಕೊಂಡಿತ್ತು. ಎಳೆದೆ. ರಕ್ತ ಬಂತು, ನನ್ನ ಮುಖದಾಗ ಏನೂ ಆಗಲಿಲ್ಲ. ಅಂವ ಕೈ ನೋಡಲಿಲ್ಲ, ನನ್ನ ಮುಖ ನೋಡಿ ಹಿಂದಕ್ಕ ಸರಿದ. "ಬಸ್, ಬಸ್, ಢಾಂಕೋ" ಅಂತ, ಮುಚ್ಚಿಕೋ ಅಂತ, ಇಳಿದುಹೋದ. ಅಂವಗ ಏನು ಕಂಡಿತೋ, ನನಗ ಗೊತ್ತಾಗಲಿಲ್ಲ. ದವಾಖಾನ್ಯಾಗ ಗೊತ್ತಾಯ್ತು.

ಅಲ್ಲಿ ಉದ್ದನ ಬೆಂಚಿನ ಮ್ಯಾಲ ಕೂತಿದ್ವಿ. ಮಗ್ಗಲದಾಗ ಕೆಮ್ಮೋರು, ಜ್ವರದ ಕೂಸುಗಳು. ಒಬ್ಬಾಕಿ ತನ್ನ ರೊಟ್ಟಿ ಮುರಿದು ನನಗರ್ಧ ಕೊಟ್ಟಳು, ನಾ ಬಲಗೈಲೆ ತಗೊಂಡೆ. ಆಮ್ಯಾಲ ಭಾಳ ದಿನ ಆ ಅರ್ಧ ರೊಟ್ಟಿ ನೆನಸ್ತಿದ್ದೆ. ನನಗ ಯಾರರ ಅಂಜದೆ ಕೈಗೆ ಕೈ ತಾಗಿಸಿ ಕೊಟ್ಟ ಕಡೀ ತುತ್ತು ಅದು.

ಡಾಕ್ಟರ್ ಸಾಹೇಬರು ಮುಸಲರು, ನರೆತ ಗಡ್ಡ, ಅರ್ಧ ಕನ್ನಡ ಅರ್ಧ ಉರ್ದು ಮಾತು. ಕೈ ನೋಡಿದ್ರು, ಮೊಣಕೈ ಮಚ್ಚಿ ನೋಡಿದ್ರು, ಮೇಜಿನ ಮ್ಯಾಲಿಂದ ಒಂದು ಕೋಳಿ ಪುಕ್ಕ ತಗೊಂಡ್ರು. "ಕಣ್ಣು ಮುಚ್ಚು ಬೇಟಿ. ನಾ ಎಲ್ಲಿ ಮುಟ್ಟಿದ್ರ ಅಲ್ಲಿ ಬೆರಳು ಇಟ್ಟು ತೋರಸು."

ಕಣ್ಣು ಮುಚ್ಚಿ ಕೂಡೋದು ನನಗ ಹೇಳಿಕೊಡಬೇಕೇನು? ನೆಟ್ಟಗ ಕೂತೆ. ಬಲಗೈ ಮ್ಯಾಲ ಪುಕ್ಕ ಬಂತು, ತೋರಿಸಿದೆ. ಕೊರಳಿಗೆ ಬಂತು, ತೋರಿಸಿದೆ. ಎಡಗೈಗೆ ಬರಲಿ ಅಂತ ಕಾಯಾಕತ್ತಿದೆ. ಕಾದೆ, ಕಾದೆ. ಹೊರಗ ಒಂದು ಕೂಸು ಅತ್ತು ಸುಮ್ಮನಾಯ್ತು.

"ಯಾಕ್ರೀ ಸಾಹೇಬ್ರ, ಇನ್ನೂ ಯಾಕ ಮುಟ್ಟವೊಲ್ರಿ?" ಅಂದೆ.

ಕಣ್ಣು ತೆರೆದೆ. ಪುಕ್ಕ ನನ್ನ ಎಡ ಅಂಗೈ ಮ್ಯಾಲೇ ಆಡಾಕತ್ತಿತ್ತು.

"ಆವಾಗಿಂದ ಮುಟ್ಟಾಕತ್ತೀನಿ ಬೇಟಿ" ಅಂದ್ರು ಸಾಹೇಬರು.

ಆಮ್ಯಾಲ ರೋಗದ ಹೆಸರು ಹೇಳಿದ್ರು. ನನ್ನ ಕಿವಿ ಮುಚ್ಚಿದಂಗಾಯ್ತು. ಸೂಜಿ ಅದಾವ, ಯಾವುದೋ ಕಾಯಿ ಎಣ್ಣಿದು, ಬ್ಯಾನಿ ಕೊಡ್ತಾವ, ಬಿಡದೆ ತಗೋಬೇಕು ಅಂದ್ರು. ಬೇಗ ಬಂದೀರಿ ಅಂದ್ರು. ಬೇಗ! ಓಣಿಗೆಲ್ಲ ಸಕ್ಕರಿ ತಿನಿಸಿ ಬಂದೀವಿ. ನಾ ಒಂದೇ ಒಂದು ಮಾತು ಕೇಳಿದೆ. "ಮನ್ಯಾಗ ಕೂಸು ಅದರಿ."

ಸಾಹೇಬರು ಕನ್ನಡಕ ತೆಗೆದು ಒರೆಸಿದ್ರು. "ಹಾಲು ಬಿಡಿಸು. ಮಗ್ಗಲದಾಗ ಮಲಗಿಸಬ್ಯಾಡ. ಮೈಗೆ ಮೈ ಹತ್ತಿಸಬ್ಯಾಡ."

"ಯಾವಾಗ ಎತ್ತಿಗೋಬಹುದ್ರಿ?"

"ನಾ ಹೇಳೋತನಕ ಬ್ಯಾಡ. ನಾ ಹೇಳ್ತೀನಿ ನಿನಗ. ನಾನೇ ಹೇಳ್ತೀನಿ."

ಆ ಮಾತು ಕಟ್ಟಿಕೊಂಡು ನಾ ಬದುಕಿದೆ. ರೋಗ ಹೋಗಲಿ, ಕೈ ಹೋಗಲಿ, ಊರು ಏನರ ಅನ್ನಲಿ. ಈ ಮನಷ್ಯಾ ಒಂದಿನ ಎತ್ತಿಗೋ ಅನ್ನಬೇಕು. ನನಗ ಬ್ಯಾರೆ ಏನೂ ಬೇಕಾಗಿದ್ದಿಲ್ಲ.

ಸೂಜಿ ಸಲುವಾಗಿ ಕಲಬುರ್ಗಿಯಾಗೇ ಉಳಿಬೇಕಾಯ್ತು. ಅಲ್ಲೇ ಬ್ರಹ್ಮಪುರ ಓಣ್ಯಾಗ ನಮ್ಮವ್ವನ ತಂಗಿ ಮನಿ ಇತ್ತು, ಚಿಗವ್ವಂದು, ಗಂಡ ಇಲ್ಲದಾಕಿ, ಬಾಯಿ ಬಡಕಿ. ಕೈಗೆ ಹುಣ್ಣಾಗ್ಯದ ಅಂತಷ್ಟೇ ನಮ್ಮವರು ಆಕಿಗೆ ಹೇಳಿದ್ರು. ಆಕಿ ಏನೂ ಕೇಳಲಿಲ್ಲ. ಮರುದಿನ ನನ್ನ ತಾಟು, ತಂಬಿಗಿ ಬ್ಯಾರೆ ಇಟ್ಟಿದ್ದಳು. ನಾ ತಾಟು ನೋಡಿ ಕಣ್ಣೀರು ತಂದೆ. "ಅಳಬ್ಯಾಡ. ತಾಟು ಬ್ಯಾರೆ ಇಟ್ಟೀನಿ, ಮನಿ ಬ್ಯಾರೆ ಇಟ್ಟೀನೇನು? ಉಣ್ಣು ಸುಮ್ಕ" ಅಂತ ಗದರಿದಳು. ಅಂಥಾ ಗದರಿಕಿ ಸಲುವಾಗಿ ಒಬ್ಬರು ಬೇಕ್ರಿ, ಈ ರೋಗದಾಗ.

ನಮ್ಮವರು ಕಮಲಾಪುರಕ್ಕ ಹೋದ್ರು. ಸೂಜಿ ಚುಚ್ಚಿದ ಜಾಗ ಗಡ್ಡಿ ಕಟ್ಟಿ ಜ್ವರ ಬರ್ತಿತ್ತು. ಕೂಡಬೇಕಂದ್ರ ಕೂಡಾಕಾಗ್ತಿದ್ದಿಲ್ಲ. ಎದಿ ಹಾಲು ಕಟ್ಟಿ ಕಲ್ಲಾಗಿ, ಚಿಗವ್ವ ಹಾಲು ಬತ್ತಲಿ ಅಂತ ಮಲ್ಲಿಗಿ ಹೂವು ತಂದು ಎದಿಗೆ ಕಟ್ಟಿದಳು. ಆ ಹೂವಿನ ವಾಸನಿ ಇವತ್ತಿಗೂ ನನಗಾಗಂಗಿಲ್ಲ.

ಅಷ್ಟರಾಗ ಹಿಂದುಸ್ತಾನದ ಫೌಜು ಹೊಂಟದ ಅಂತ ಸುದ್ದಿ ಎದ್ದಿತು. ಬಾಗಿಲ ಹಾಕಿಕೊಂಡು ಕೂತ್ವಿ. ಮ್ಯಾಲ ವಿಮಾನದ ಸಪ್ಪಳ ಬಂದ್ರ ಚಿಗವ್ವ ಮಂಚದ ಕೆಳಗ ಹೋಗಿ, ಅಲ್ಲಿಂದಲೇ ನನಗ ಬೈತಿದ್ದಳು, ನೀ ಯಾಕ ಬರವೊಲ್ಲಿ ಅಂತ. ನಾ ಕಮಲಾಪುರದ ಕಡಿ ಮುಖ ಮಾಡಿ ಕೂತಿದ್ದೆ. ಬಸ್ಸಿಲ್ಲ, ಕಾಗದ ಇಲ್ಲ, ಊರಾಗ ಏನಾಗ್ಯದ ಯಾರಿಗೂ ಗೊತ್ತಿಲ್ಲ. ಕೂಸು ಅದನೋ ಇಲ್ಲೋ ಗೊತ್ತಿಲ್ಲ. ಬಲಗೈ ಬೆರಳು ಕೂಡಿಸಿ ಕಣ್ಣು ಮುಚ್ಚಿದ್ರ ಆ ಜ್ವಾಳದ ಕಾಳಿನಷ್ಟು ಜಾಗದಾಗ ನಾ ಹಿಡಸಲಿಲ್ಲ. ಎಲ್ಲಾ ಮುದ್ರಿ ಸುಳ್ಳು ಅನಿಸ್ತು. ಅಜ್ಜಾವರನ್ನ ಬಾಯಿ ತುಂಬ ಬೈದೆ.

ನಿಜಾಮರು ಶರಣಾದ್ರು, ಬೀದಿಯಾಗ ಜೈಕಾರ ಕೇಳಿತು. ಅಂಜಿಕಿ ಹೋಯ್ತು ಅಂದುಕೊಂಡ್ವಿ. ಎಲ್ಲಿ ಹೋಗ್ತದ? ಬಾಗಿಲ ಬದಲಾಯಿಸ್ತು ಅಷ್ಟೇ. ಮೊದಲು ನಾವು ಅಗಳಿ ಹಾಕಿದ್ವಿ, ಈಗ ಮುಸಲರ ಓಣಿಯಾಗ ಹಾಕಿದ್ರು. ಅಲ್ಲಿ ಏನೇನು ಆಗಾಕತ್ತದ ಅಂತ ಪಿಸಪಿಸ ಮಾತು ಬರ್ತಿದ್ದವು, ಕೇಳಿದ್ರ ಅನ್ನ ಇಳೀತಿದ್ದಿಲ್ಲ.

ದವಾಖಾನಿಗೆ ಹೋದ್ರ ಬೆಂಚು ಖಾಲಿ. ಸಾಹೇಬರ ಕೋಣಿಗೆ ಕೀಲಿ. ಎಲ್ಲಿ ಹೋಗ್ಯಾರ ಅಂದ್ರ ಯಾರೂ ಬಾಯಿ ಬಿಡವೊಲ್ರು. ಓಡಿಹೋಗ್ಯಾರ ಅಂದ ಒಬ್ಬ. ಇನ್ನೊಬ್ಬ ಇನ್ನೂ ಕೆಟ್ಟದ್ದು ಅಂದ. ಕಂಬಕ್ಕ ಆತು ನಿಂತೆ. ಸೂಜಿ ಹೋಯ್ತು ಅಂತ ಅಲ್ರಿ. ಎತ್ತಿಗೋ ಅಂತ ಹೇಳೋ ಬಾಯಿ ಒಂದೇ ಇತ್ತು, ಅದು ಹೋಯ್ತಲ್ಲ ಅಂತ.

ಚಿಗವ್ವ ಅವರ ಮನಿ ಪತ್ತೆ ಹಚ್ಚಿದಳು. ಸುಡುಸುಡು ಮಧ್ಯಾಹ್ನ ಇಬ್ಬರೂ ಹೋದ್ವಿ. ಆ ಗಲ್ಲಿಯಾಗ ನಾಯಿ ಸೈತ ಇದ್ದಿಲ್ಲ. ಕದ ಬಡಿದ್ವಿ. ಒಳಗ ಏನೋ ಸರಿದಂಗಾಗಿ ಸುಮ್ಮನಾಯ್ತು. "ಸಾಹೇಬ್ರ" ಅಂದೆ. ಮತ್ತ ಸುಮ್ಮನ. ಒಳಗಿನವರು ಉಸುರು ಹಿಡಿದಾರ ಅಂತ ನನಗ ಗೊತ್ತಾಯ್ತು. ಹ್ಯಾಂಗ ಗೊತ್ತಾಯ್ತು ಅಂದ್ರ, ವರ್ಷಾನುಗಟ್ಟಲೆ ನಾವೂ ಹಂಗೇ ಹಿಡಕೊಂಡು ಕೂತಿದ್ವಲ್ಲ. ಹೆಸರು ಹೇಳಿದ್ರ ನಂಬತಾರೇನು? ಯಾವ ಹೆಸರು ನಂಬೋ ಕಾಲ ಅದು?

ಕದದ ಮಗ್ಗಲಕ್ಕ ಸರಳಿನ ಕಿಟಕಿ ಇತ್ತು, ಒಳಗ ಪಡದೆ. ನಾ ಎಡಗೈ ಬಟ್ಟಿ ಬಿಚ್ಚಿ, ಅಂಗೈ ಒಳಗಿನವರಿಗೆ ಕಾಣೋ ಹಂಗ ಸರಳಿಗೆ ಹಚ್ಚಿ ಎತ್ತಿ ಹಿಡಿದೆ. ಅಜ್ಜಾವರು ಕಲಿಸಿದ ಅಭಯ ಮುದ್ರಿ ಹ್ಯಾಂಗ ಇರ್ತದ, ಹಂಗ. ಬಿಸಿಲಿಗೆ ಸರಳು ಕಾದಿದ್ದವಂತ, ಚಿಗವ್ವ ಆಮ್ಯಾಲ ಹೇಳಿದಳು. ನನಗೇನು ಗೊತ್ತು.

ಪಡದೆ ಸರೀತು. ಅಗಳಿ ತೆಗೆದ್ರು.

"ನಿನ್ನ ಕೈ ನೋಡಿ ತೆಗೆದೆ ಬೇಟಿ" ಅಂದ್ರು ಸಾಹೇಬರು. ಗಡ್ಡ ತೆಗೆಸಿದ್ರು. ಗುರ್ತೇ ಸಿಗಲಿಲ್ಲ. ಒಳಗಿನ ಕೋಣ್ಯಾಗ ಹೆಂಗಸರ ಕೈಬಳಿ ಸಪ್ಪಳ ಕೇಳಸ್ತಿತ್ತು. ಮನ್ಯಾಗ ಉಳಿದಿದ್ದ ಔಷಧ ತೆಗೆದ್ರು, ಸೂಜಿಗೆ ತುಂಬಾಕ ಹೋದ್ರು, ಕೈ ನಡುಗಿ ಎಣ್ಣಿ ಚೆಲ್ತು. ಮತ್ತ ತುಂಬಿದ್ರು, ಮತ್ತ ನಡುಗಿತು. ಅಷ್ಟು ದೊಡ್ಡ ಮನಷ್ಯಾಗ ಕಣ್ಣಾಗ ನೀರು ಬಂದವು.

"ಸಾಹೇಬ್ರ, ಹೆಬ್ಬಟ್ಟಿಗೆ ಬೆರಳು ಹಚ್ಚಿ ಕೂಡ್ರಿ ಒಂದೀಟು" ಅಂದೆ. ಬಾಯಿಗೆ ಬಂದದ್ದು ಅಂದುಬಿಟ್ಟೆ. ಮುದ್ರಿ ಸುಳ್ಳು ಅಂತ ಬೈದಾಕಿನೂ ನಾನೇ.

ಅವರು ನನ್ನ ಮುಖ ನೋಡಿದ್ರು. "ನಾವೂ ಬೆರಳಿನ ಗೆಣ್ಣಿನ ಮ್ಯಾಲೇ ದೇವರ ಹೆಸರು ಎಣಿಸ್ತೀವಿ" ಅಂದ್ರು. ಹೆಬ್ಬಟ್ಟು ಗೆಣ್ಣಿನಿಂದ ಗೆಣ್ಣಿಗೆ ಸಾವಕಾಶ ಸರಿಸ್ತಾ ಕೂತ್ರು. ನಾನೂ ಕೂತೆ. ಚಿಗವ್ವ ಕದಕ್ಕ ಬೆನ್ನು ಕೊಟ್ಟು ನಿಂತಿದ್ದಳು. ಆಮ್ಯಾಲ ಚುಚ್ಚಿದ್ರು, ಕೈ ನಡಗಲಿಲ್ಲ.

"ನೀವು ಊರು ಬಿಟ್ಟು ಹೋಗ್ತೀರೇನ್ರಿ?" ಅಂದೆ.

"ನಿನಗ ಒಂದು ಮಾತು ಇನ್ನೂ ಹೇಳೋದದ" ಅಂದ್ರು.

ಗಲಾಟಿ ಇಳಿದ ಮ್ಯಾಲ ಅವರು ಮತ್ತ ದವಾಖಾನಿಗೆ ಬಂದ್ರು. ನಮ್ಮವರೂ ಬಂದ್ರು. ಕೂಸು ಅದ, ಹಲ್ಲು ಎಲ್ಲಾ ಬಂದಾವ, ಮಾತು ಕಲಿತಾಳ ಅಂದ್ರು. ನನ್ನ ಊರಿಗೆ ಕರಕೊಂಡು ಹೋದ್ರು, ಸೂಜಿಗೆ ವಾರ ವಾರ ಬಂದು ಹೋಗೋದು ಅಂತಾಯ್ತು.

ಅಂಗಳದ ಆಚೆ ಮಗ್ಗಲ ಒಂದು ಕೋಣಿ ಸಾರಿಸಿ ಇಟ್ಟಿದ್ರು ನನಗ. ಪಾದ ಮುಟ್ಟಿದ ಓಣಿ ಹೆಂಗಸರು ಈಗ ನಮ್ಮ ಬಾಗಿಲ ಮುಂದ ಸೆರಗು ಮೂಗಿಗೆ ಹಿಡಿದು ಹೋಗ್ತಿದ್ರು. ಒಬ್ಬಾಕಿ ಅಂತೂ, "ನಿಮ್ಮ ಸಕ್ಕರಿ ನಮ್ಮ ಮಕ್ಕಳು ತಿಂದಾವಲ್ಲೇ" ಅಂತ ಅತ್ತಿ ಮ್ಯಾಲ ಜಗಳಕ್ಕೇ ಬಂದಳು. ಅತ್ತಿ ಒಳಗ ಹೋಗಿ ಕದ ಹಾಕಿಕೊಂಡಳು. ನನ್ನ ಕಡಿನೂ ನೋಡಲಿಲ್ಲ.

ಅಜ್ಜಾವರು ಒಬ್ಬರೇ ಬಂದ್ರು. ಕೋಣಿ ಹೊಸ್ತಿಲ ದಾಟಿ ನನ್ನ ಚಾಪಿ ಮ್ಯಾಲೇ ಕೂತ್ರು. "ಬೆರಳು ಮರೆಯೋದು ಧ್ಯಾನ ತಂಗಿ, ನಿನ್ನ ಬೆರಳು ಸಾಯಾಕತ್ತಿತ್ತು. ನಾ ಗುರುತು ಹಿಡೀಲಿಲ್ಲ. ತಪ್ಪು ನಂದು" ಅಂದ್ರು. ನನ್ನ ಸಿಟ್ಟು ಹೋಗಲಿಲ್ಲ, ಸುಳ್ಳು ಯಾಕ ಹೇಳಲಿ. "ಈಗೇನು ಮಾಡ್ಲಿ ಅದನ್ನಾರ ಹೇಳ್ರಿ" ಅಂದೆ. ಅವರು ನನ್ನ ಎಡಗೈ ತಮ್ಮ ಕೈಯಾಗ ತಗೊಂಡು, ಹೆಬ್ಬಟ್ಟಿಗೆ ಬೆರಳು ಕೂಡಿಸಿದ್ರು. "ಇನ್ನ ಕಣ್ಣು ಮುಚ್ಚಬ್ಯಾಡ. ಕಣ್ಣು ತೆರೆದು ಮುಟ್ಟು. ಬೆರಳಿಗೆ ಗೊತ್ತಾಗದಿದ್ದದ್ದು ಕಣ್ಣಿಗೆ ಗೊತ್ತಾಗಲಿ." ಆ ಮಾತು ನನ್ನ ಕೈ ಉಳಿಸ್ತು. ಹಂಚು, ಬೆಂಕಿ, ಕುಡಗೋಲು, ಎಲ್ಲಾ ನೋಡಿ ನೋಡಿ ಹಿಡೀತಿದ್ದೆ. ನನ್ನಂಥವರಿಗೆಲ್ಲ ನಾ ಮೊದಲು ಹೇಳೋದು ಇದನ್ನೇ.

ಮಲ್ಲವ್ವ ನನ್ನ ನೋಡಿದ್ದೇ ಅಂಗಳ ದಾಟಿ ಓಡಿ ಬಂದಳು. ನಾ ಅಂಗೈ ಎತ್ತಿ, "ನಿಂದ್ರು!" ಅಂದೆ. ಕೂಸು ಅಲ್ಲೇ ಗಕ್ಕನ ನಿಂತಿತು. ಅವತ್ತು ನನ್ನ ಹೊಟ್ಟಿ ಉರಿದಂಗ ಯಾವ ಹಂಚೂ ನನ್ನ ಸುಟ್ಟಿಲ್ಲ.

ಆವಾಗ ಅತ್ತಿ ಬಂದಳು. ಕೂಸಿನ ಭುಜ ಹಿಡಿದು, "ನಿಮ್ಮವ್ವ ದೇವರ ಧ್ಯಾನ ಮಾಡ್ತಾಳ ಮಗಾ. ಧ್ಯಾನ ಮಾಡೋರನ್ನ ಮುಟ್ಟಬಾರದು. ಇಲ್ಲಿಂದ ನೋಡಬೇಕು" ಅಂದಳು. ಓಣಿ ತುಂಬ ಸಕ್ಕರಿ ಹಂಚಿ ಹೇಳಿದ ಅದೇ ಸುಳ್ಳು. ಈ ಸಲ ಆಕಿಗೆ ಅದು ಸುಳ್ಳು ಅಂತ ಗೊತ್ತಿತ್ತು. ಕೂಸಿನ ಕಿವಿಗೆ ರೋಗದ ಹೆಸರು ಬೀಳಬಾರದು ಅಂತ ಆಕಿ ಹೇಳಿದ್ದು. ನಾ ಆಕಿ ಮುಖ ನೋಡಿದೆ, ಆಕಿ ನನ್ನ ನೋಡಿದಳು, ಕಲಬುರ್ಗಿಯಿಂದ ಬಂದ ಮ್ಯಾಲ ಮೊದಲನೇ ಸಲ.

ದಿನಾ ಮುಂಜಾನಿ ಅತ್ತಿ ಮಲ್ಲವ್ವನ್ನ ಆ ಕಡಿ ಕಟ್ಟಿ ಮ್ಯಾಲ ಕೂಡಿಸ್ತಿದ್ದಳು. ಈ ಕಡಿ ನಾ. ನಡುವ ಅಂಗಳ. ನಾ ಬೆರಳು ಕೂಡಿಸಿದ್ರ ಆಕಿ ಕೂಡಿಸ್ತಿದ್ದಳು. ನಾ ಅಂಗೈ ತೊಡಿ ಮ್ಯಾಲ ಇಟ್ರ ಆಕಿ ಇಡ್ತಿದ್ದಳು. ಜಳಕ ಮಾಡಿಸಿ ಎಣ್ಣಿ ಹಚ್ಚಿದ ತಲಿ ಬಿಸಿಲಿಗೆ ಮಿಂಚ್ತಿತ್ತು, ಆ ಎಣ್ಣಿ ಹಚ್ಚಿದ ಕೈ ನಂದಲ್ಲ. ಆಕಿಗೆ ಜ್ವರ ಬಂದಾಗ ಆಚೆ ನರಳೋದು ಕೇಳಿಕೋತ ನಾ ಈಚೆ ಕದಕ್ಕ ಹಣಿ ಬಡಕೋತಿದ್ದೆ. ಶರಣಿ ಅಂತ ಶರಣಿ.

ಸೂಜಿ ಹೋಗಿ ಗುಳಗಿ ಬಂದವು. ಪ್ರತಿ ಸಲ ಕಲಬುರ್ಗಿಗೆ ಹೋದಾಗ ಸಾಹೇಬರ ಬಾಯಿ ನೋಡ್ತಿದ್ದೆ. "ಇನ್ನೂ ಇಲ್ಲ ಬೇಟಿ" ಅಂತಿದ್ರು. ಬಸ್ಸಿನಾಗ ವಾಪಸ್ ಬರುವಾಗ ನಮ್ಮವರು ಕಿಟಕಿ ಹೊರಗ ನೋಡ್ತಿದ್ರು, ನಾ ಈ ಕಡಿ ಕಿಟಕಿ. ಮಲ್ಲವ್ವ ಸಾಲಿಗೆ ಹೋಗಾಕತ್ತಿದಳು. ಲಂಗ ಗಿಡ್ಡ ಆದವು, ಹೊಸ ಲಂಗ ಬಂದವು, ಅವೂ ಗಿಡ್ಡ ಆದವು.

ಒಂದಿನ ಸಾಹೇಬರು ಪುಕ್ಕ ತಗೊಂಡು ಮೈಯೆಲ್ಲ ನೋಡಿದ್ರು, ಒಳಗ ಹೋಗಿ ಏನೋ ಪರೀಕ್ಷಾ ಮಾಡಿ ಬಂದ್ರು. ಮೊಣಕೈ ಮ್ಯಾಲ ಪುಕ್ಕ ಬಂದದ್ದು ನನಗ ಗೊತ್ತಾಗ್ತಿತ್ತು. ಅಂಗೈ ಇನ್ನೂ ಕಲ್ಲೇ. "ರೋಗ ಹೋಗ್ಯದ. ಎಡ ಬೆರಳಿಗೆ ಗೊತ್ತಾಗೋದು ಮಾತ್ರ ಇನ್ನ ಬರಂಗಿಲ್ಲ, ಸುಳ್ಳು ಹೇಳಂಗಿಲ್ಲ ನಾ" ಅಂದ್ರು. ಆಮ್ಯಾಲ ಗಡ್ಡ ಸವರಿಕೊಂಡ್ರು, ಅದು ಮತ್ತ ಬೆಳೆದಿತ್ತು, ಪೂರಾ ಬೆಳ್ಳಗ. "ಜಾ ಬೇಟಿ. ಮಗಳನ್ನ ಎತ್ತಿಗೋ."

ಬಸ್ಸು ಕಮಲಾಪುರ ಮುಟ್ಟೋತನಕ ನಾ ಅತ್ತೆ. ನಮ್ಮವರೂ ಅತ್ರು.

ಅಂಗಳಕ್ಕ ಬಂದ್ರ ಮಲ್ಲವ್ವ ಕಟ್ಟಿ ಮ್ಯಾಲ ಪಾಟಿ ಹಿಡಕೊಂಡು ಬರೀಲಾಕತ್ತಿದ್ದಳು. "ಬಾ ನನ್ನವ್ವ" ಅಂತ ಎರಡೂ ಕೈ ಚಾಚಿದೆ. ಆಕಿ ಎದ್ದು ಹಿಂದಕ್ಕ ಸರಿದು ಗ್ವಾಡಿಗೆ ಆತಳು. "ನಿನ್ನ ಮುಟ್ಟಬಾರದು" ಅಂದಳು. ಆಮ್ಯಾಲ ಸುಮ್ಮನ ಕೂತು, ಮೊಣಕಾಲ ಮ್ಯಾಲ ಕೈ ಇಟ್ಟು, ಬೆರಳು ಕೂಡಿಸಿ, ದಿನದಂಗ ನನ್ನ ನೋಡಿದಳು.

ಅತ್ತಿ ಬಾಗಿಲದಾಗ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು. "ಹೋಗ ಮಗಾ, ಈಗ ಮುಟ್ಟಬಹುದು, ಹೋಗ" ಅಂದಳು. ಮಲ್ಲವ್ವ ಅಲ್ಲಾಡಲಿಲ್ಲ. ಇಷ್ಟು ವರ್ಷ ಕಾದದ್ದು ಸಾಹೇಬರ ಒಂದು ಮಾತಿಗೆ. ಈ ಕೂಸಿನ ಮಾತೂ ಬೇಕು ಅಂತ ನಾ ನೆನಸೇ ಇದ್ದಿಲ್ಲ.

ನಾ ಅಂಗಳ ದಾಟಿದೆ. ಕಟ್ಟಿ ಕೆಳಗ ನೆಲಕ್ಕ ಕೂತೆ. ಎರಡೂ ಕೈ ಮೊಣಕಾಲ ಮ್ಯಾಲ ಇಟ್ಟೆ, ಹೆಬ್ಬಟ್ಟು ಚಾಚಿದೆ, ತೋರುಬೆರಳು ಮಾತ್ರ ಮಡಿಚಿಕೊಂಡೆ. ಮುದ್ರಿ ಅರ್ಧಕ್ಕ ನಿಂತಿತು.

"ತಪ್ಪು ಮಾಡಾಕತ್ತಿ" ಅಂದಳು ಮಲ್ಲವ್ವ.

"ಹೌದವ್ವ. ಈ ಮುದ್ರಿಗೆ ಇಬ್ಬರು ಬೇಕು. ಒಂದು ಬೆರಳು ನಿಂದು."

ಆಕಿ ಅಜ್ಜಿ ಮುಖ ನೋಡಿದಳು. ಆಮ್ಯಾಲ ಸಾವಕಾಶ ಕಟ್ಟಿ ಇಳಿದು ಬಂದು, ಬಳಪದ ಧೂಳು ಹತ್ತಿದ ಬೆರಳು ಚಾಚಿ, ನನ್ನ ಎಡ ಹೆಬ್ಬಟ್ಟಿನ ತುದಿಗೆ ಇಟ್ಟಳು. ಬಲಗೈ ಇತ್ತು, ಪೂರಾ ಜೀವಂತ ಕೈ, ಪಕ್ಕದಾಗೇ. ಆಕಿ ಎಡಗೈನೇ ಆರಿಸಿಕೊಂಡಳು.

"ಹತ್ತಿತೇನವ್ವ?" ಅಂದಳು.

ನಾ ಕಣ್ಣು ಮುಚ್ಚಲಿಲ್ಲ. ನನ್ನ ಹೆಬ್ಬಟ್ಟಿನ ಮ್ಯಾಲ ಆಕಿ ಬೆರಳಿನ ಬಳಪ ಬೆಳ್ಳಗ ಹತ್ತಿತ್ತು.

"ಹತ್ತೇದ" ಅಂದೆ.